ಕೌಂಟರಿನ ಕುರ್ಚಿ

ವಾಚ್ ರಿಪೇರಿಯ ಬುಡ್ಡಿಗೆ ದೂರದ್ದು ಕಾಣುತ್ತಿರಲಿಲ್ಲ. ಕನ್ನಡಕ ತೆಗೆದರೆ ಎದುರಿಗೆ ನಿಂತವರು ಗಂಡಸೋ ಹೆಂಗಸೋ ಎಂಬುದು ಅವರು ಬಾಯಿ ಬಿಟ್ಟ ಮೇಲೆಯೇ ಗೊತ್ತಾಗುತ್ತಿತ್ತು. ಆ ಕನ್ನಡಕವೋ, ಸೋಡಾ ಬಾಟಲಿಯ ತಳ ಕೊಯ್ದು ಕಡ್ಡಿ ಸಿಕ್ಕಿಸಿದ ಹಾಗಿತ್ತು. ಬುಡ್ಡಿ ಎಂಬ ಹೆಸರು ಬಂದದ್ದೇ ಅದರಿಂದ.

ನಲವತ್ತಾರನೇ ವಯಸ್ಸಿನವರೆಗೆ ಅದನ್ನೆಲ್ಲ ಸಹಿಸಿದ್ದ. ಸಹಿಸಲಾಗದೆ ಹೋದದ್ದು ಷಡ್ಡಕನ ಕಣ್ಣು. ಇಬ್ಬರೂ ಒಂದೇ ಅಂಗಡಿಯವರು. ಒಂದೇ ಬೆಂಚಿನಲ್ಲಿ ಕೂತು, ದಪ್ಪ ಕನ್ನಡಕವನ್ನು ಹಣೆಗೇರಿಸಿ, ವಾಚನ್ನು ಮೂಗಿನ ತುದಿಗೆ ಹಿಡಿದು ಬರಿಗಣ್ಣಿನಲ್ಲೇ ಕೆಲಸ ಮಾಡುತ್ತಿದ್ದವರು. ಹೋದ ವರ್ಷ ಷಡ್ಡಕ ಕಣ್ಣಿಗೆ ಲೇಸರ್ ಮಾಡಿಸಿಕೊಂಡ. ತಿಂಗಳೊಳಗೆ ಮಾಲೀಕರು ಅವನನ್ನು ಬೆಂಚಿನಿಂದ ಎಬ್ಬಿಸಿ, ಮುಂದಿನ ಗಾಜಿನ ಕೌಂಟರಿನಲ್ಲಿ, ತಿರುಗುವ ಕುರ್ಚಿಯ ಮೇಲೆ, ಫ್ಯಾನಿನ ನೇರ ಕೆಳಗೆ ಕೂರಿಸಿದರು. ಅಂದಿನಿಂದ ಬುಡ್ಡಿಗೆ ಊಟ ಸೇರುತ್ತಿರಲಿಲ್ಲ.

"ನಮ್ಮ ತಂಗಿ ಗಂಡನ ಕಣ್ಣು ಅಷ್ಟು ದೊಡ್ಡದು ಅಂತ ಗೊತ್ತೇ ಇರಲಿಲ್ಲ ನೋಡಿ" ಎಂದು ಹೆಂಡತಿ ಬಡಿಸುತ್ತಾ ಹೇಳಿದ ದಿನ ಬುಡ್ಡಿ ನಿರ್ಧಾರ ಮಾಡಿಬಿಟ್ಟ.

"ಏನು ಕೆಲಸ ನಿಮ್ಮದು?" ಎಂದು ಡಾಕ್ಟರು ಕೇಳಿದಾಗ, ಆಗಲೇ ತಿರುಗುವ ಕುರ್ಚಿಯಲ್ಲಿ ಕೂತವನ ಹಾಗೆ, "ಅಂಗಡಿ ನೋಡ್ಕೋತೀನಿ" ಎಂದ.

"ನಿಮ್ಮ ವಯಸ್ಸಿಗೆ ದೂರದ್ದು ಸರಿಹೋದ ಮೇಲೆ ಹತ್ತಿರದ್ದಕ್ಕೆ ಕನ್ನಡಕ ಬೇಕಾಗುತ್ತೆ. ಯೋಚನೆ ಮಾಡಿ."

"ಹತ್ತಿರದ್ದರ ಚಿಂತೆ ಬಿಡಿ ಡಾಕ್ಟ್ರೇ. ಇರುವೆ ಮೀಸೆ ಎಣಿಸಿಬಿಡ್ತೀನಿ."

ಬೆನ್ನುನೋವೆಂದು ರಜೆ ಹಾಕಿ ಲೇಸರ್ ಮುಗಿಸಿಕೊಂಡ ಬುಡ್ಡಿ ಇವತ್ತು ಬೆಳಿಗ್ಗೆ ಇಸ್ತ್ರಿ ಅಂಗಿ ತೊಟ್ಟು ಕೆಲಸಕ್ಕೆ ಹೊರಟ. ಬೀದಿ ತೊಳೆದಿಟ್ಟ ತಟ್ಟೆಯ ಹಾಗೆ ಹೊಳೆಯುತ್ತಿತ್ತು. ಎದುರು ಮಹಡಿಯಲ್ಲಿ ಒಣಹಾಕಿದ ಬನಿಯನ್ನಿನ ತೂತು ಕೂಡ ಕಂಡಿತು. ತನ್ನ ಅಂಗಿಯ ಗುಂಡಿ ಒಂದೊಂದು ಮನೆ ತಪ್ಪಿದ್ದು ಮಾತ್ರ ಕಾಣಲಿಲ್ಲ. ಹತ್ತಿರದ್ದೆಲ್ಲ ಮಸುಕಾಗಿರುವುದು ಕಣ್ಣಿಗೆ ಬಿಡುತ್ತಿರುವ ಔಷಧಿಯಿಂದ ಎಂದೇ ಅವನು ನಂಬಿದ್ದ.

ಪಕ್ಕದ ಮನೆಯ ಮೇಷ್ಟ್ರು ಜಗಲಿಯಿಂದ ಕತ್ತು ಚಾಚಿದರು. "ಏನಪ್ಪಾ, ಹುಷಾರಿಲ್ವಾ? ಮುಖ ಸಿಪ್ಪೆ ಸುಲಿದ ಹಾಗಿದೆ."

"ಲೇಸರ್ ಸಾರ್."

"ಓಹೋ. ನಿನ್ನ ಷಡ್ಡಕನಿಗೆ ಎಷ್ಟು ಚೆನ್ನಾಗಿ ಒಪ್ಪಿತ್ತು ಅದು" ಎಂದು ಮೇಷ್ಟ್ರು ಪೇಪರಿನೊಳಕ್ಕೆ ತಲೆ ಎಳೆದುಕೊಂಡರು.

ಅಂಗಡಿಯಲ್ಲಿ ಷಡ್ಡಕ ಬುಡ್ಡಿಯ ಮುಖ ನೋಡಿದವನೇ ಬಿಳುಚಿಕೊಂಡ. ಉರಿಯಲಿ, ಇನ್ನಷ್ಟು ಉರಿಯಲಿ ಎಂದುಕೊಂಡು ಬುಡ್ಡಿ ಎದೆಯುಬ್ಬಿಸಿ ಒಳಗೆ ಬಂದ.

ಮಾಲೀಕರು ತಲೆಯೆತ್ತದೆ, "ಬಂದ್ಯಾ? ನೀನಿಲ್ದೆ ಅಂಗಡಿ ಕುಂಟ್ತಾ ಇತ್ತು. ಮೊದಲು ಈ ಅಮ್ಮನ ವಾಚು ನೋಡು. ನಿನ್ನ ಕೈಯಲ್ಲೇ ಆಗಬೇಕಂತೆ" ಎಂದರು.

ಕಡಲೆಬೀಜದಷ್ಟು ವಾಚು. ಬುಡ್ಡಿ ಅದರ ಬೆನ್ನು ಬಿಚ್ಚಿ, ಅಭ್ಯಾಸದಂತೆ ಮೂಗಿನ ತುದಿಗೆ ಹಿಡಿದ. ಅಲ್ಲಿ ವಾಚಿರಲಿಲ್ಲ, ಮಂಜಿತ್ತು. ಕೈ ದೂರ ಚಾಚಿದ. ವಾಚು ಕಂಡಿತು, ಒಳಗಿನ ಚಕ್ರಗಳು ಒಂದೂ ಕಾಣಲಿಲ್ಲ. ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡ. ಅದರ ಅಳತೆ ಅವನ ಕೈಗೆ ಗೊತ್ತಿರಲಿಲ್ಲ. ಚಿಮಟ ನೆಟ್ಟಗೆ ಹೋಗಿ ತನ್ನದೇ ಹೆಬ್ಬೆರಳನ್ನು ಕಚ್ಚಿತು. ಹೇಗೋ ಕಳಚಿದ ಡಯಲನ್ನು ತಡವಿ ಮತ್ತೆ ಕೂರಿಸುವಾಗ ಒಂದು ಸ್ಕ್ರೂ ಹಾರಿಹೋಯಿತು. ಹುಡುಕುವ ಗಡಿಬಿಡಿಯಲ್ಲಿ ಇನ್ನೊಂದೂ ಹಾರಿತು. ಮಸೂರ ಕಿತ್ತೆಸೆದು ಬೆಂಚನ್ನೆಲ್ಲ ತಡಕಾಡಿದಾಗ ಮೂಲೆಯಲ್ಲಿ ಕರಿ ಚುಕ್ಕೆಯೊಂದು ಸಿಕ್ಕಿತು. ಚಿಮಟದಲ್ಲಿ ಮೆಲ್ಲಗೆ ಎತ್ತಿ, ತೂತಿನ ಮೇಲಿಟ್ಟು, ಸ್ಕ್ರೂಡ್ರೈವರ್ ಹಚ್ಚಿದ. ಸ್ಕ್ರೂ ಎದ್ದು ನಡೆದುಹೋಯಿತು.

ಹೆಂಗಸು ಬಗ್ಗಿ ನೋಡಿದಳು. "ಅಣ್ಣಾ, ಅದು ಇರುವೆ."

"ಗೊತ್ತು. ಓಡಿಸ್ತಾ ಇದ್ದೆ."

"ಡಯಲ್ ಯಾಕೆ ತಲೆಕೆಳಗಿದೆ? ಹನ್ನೆರಡು ಕೆಳಗೆ ಬಂದಿದೆಯಲ್ಲ."

ಅವಳು ವಾಚನ್ನೂ ಬಿಡಿಭಾಗಗಳನ್ನೂ ಕರವಸ್ತ್ರದಲ್ಲಿ ಕಟ್ಟಿಕೊಂಡು ಹೋದಳು. ಮಾಲೀಕರು ಎದ್ದು ಬಂದು ಬುಡ್ಡಿಯ ಮುಖವನ್ನು ಆಗ ನೆಟ್ಟಗೆ ನೋಡಿದರು. ನೋಡಿದವರು ಸ್ಟೂಲಿನ ಮೇಲೆ ಕುಸಿದು ಕೂತರು.

"ನೀನೂ ಮಾಡಿಸ್ಕೊಂಡ್ಯಾ?"

"ಹೂಂ ಸಾರ್. ಅವನನ್ನ ಕೌಂಟರಿಗೆ ಹಾಕಿದ್ರಿ, ಹಾಗೇ ನನ್ನನ್ನೂ..."

"ಅವನಿಗೆ ಲೇಸರ್ ಆದ ಮೇಲೆ ಸ್ಕ್ರೂ ಕಾಣ್ತಾ ಇರಲಿಲ್ಲ ಕಣಯ್ಯ, ಮಸೂರಕ್ಕೆ ಕೈ ಪಳಗಲೂ ಇಲ್ಲ. ಸಂಸಾರಸ್ಥ, ಹೊರಗೆ ಹಾಕೋದು ಹೇಗೆ ಅಂತ ಕಮ್ಮಿ ಸಂಬಳಕ್ಕೆ ಅಲ್ಲಿ ಕೂರಿಸ್ದೆ. ನೀನಿದ್ದೀಯಲ್ಲ ಅನ್ನೋ ಧೈರ್ಯದ ಮೇಲೆ ಅಂಗಡಿ ನಡೀತಿತ್ತು."

ಷಡ್ಡಕ ಡ್ರಾಯರಿನಿಂದ ಓದುವ ಕನ್ನಡಕ ತೆಗೆದು ತೋರಿಸಿದ. "ಹೇಳೋಕೆ ನಾಚಿಕೆ ಆಯ್ತು ಭಾವ. ನೀವು ಆ ಬೆಂಚಲ್ಲಿ ಕೂತಿರೋದು ನೋಡಿ ವರ್ಷದಿಂದ ಹೊಟ್ಟೆ ಉರ್ಕೊಂಡಿದ್ದೆ."

ಬೆಂಚಿನ ಕೆಲಸ ಹೋದದ್ದಕ್ಕಿಂತ ಬುಡ್ಡಿಯನ್ನು ಹೆಚ್ಚು ಚುಚ್ಚಿದ್ದು ಇದು. ಇಡೀ ವರ್ಷ ತನ್ನನ್ನು ನೋಡಿ ಒಬ್ಬ ಹೊಟ್ಟೆ ಉರಿದುಕೊಂಡಿದ್ದ. ಒಂದು ದಿನವೂ ಅದರ ಸುಖ ತನಗೆ ದಕ್ಕಲಿಲ್ಲ. ಈಗ ನೋಡಿದರೆ ಷಡ್ಡಕನ ಮುಖದಲ್ಲಿ ಉರಿ ಆರಿ, ಮೆಲ್ಲಗೆ ತಂಪು ಇಳಿಯುತ್ತಿತ್ತು.

"ಹಾಗಾದ್ರೆ ನಾನು ಕೌಂಟರಲ್ಲಿ..." ಎಂದ ಬುಡ್ಡಿ.

"ಕೌಂಟರಿಗೆ ಒಬ್ಬ ಸಾಕು" ಎಂದರು ಮಾಲೀಕರು. "ನಿನಗೆ ದೂರದ್ದು ಚೆನ್ನಾಗಿ ಕಾಣುತ್ತೆ ತಾನೆ? ಬಾಗಿಲಲ್ಲಿ ನಿಂತ್ಕೋ. ಗಿರಾಕಿ ಬರೋದು ಕಂಡ್ರೆ ಬಾಗಿಲು ತೆಗಿ."

ಬುಡ್ಡಿ ಸಂಜೆಯವರೆಗೆ ಬಾಗಿಲಲ್ಲಿ ನಿಂತ. ರಸ್ತೆಯ ಆ ತುದಿಯವರೆಗೂ ಸ್ಪಷ್ಟವಾಗಿ ಕಾಣುತ್ತಿತ್ತು. ಗಿರಾಕಿ ಒಬ್ಬರೂ ಬರುತ್ತಿರಲಿಲ್ಲ. ಅವನ ಬೆನ್ನ ಹಿಂದೆ ಕುರ್ಚಿ ಆಗಾಗ ಹಾಯಾಗಿ ತಿರುಗುವ ಸದ್ದು ಕೇಳುತ್ತಿತ್ತು.

ಅಂಗಡಿ ಮುಚ್ಚುವ ಹೊತ್ತಿಗೆ ಹೋದದ್ದು ಎರಡು ಸ್ಕ್ರೂ, ಒಬ್ಬ ಗಿರಾಕಿ, ಒಂದು ಬೆಂಚು.