ಕೆಂಪು ಚಿಂದಿ ಕಟ್ಟಿದ ಬದನೆಕಾಯಿ

ಅತಿಥಿಗಳನ್ನು ಇಟ್ಟುಕೊಂಡ ಮನೆಯಲ್ಲಿ ವಾರಕ್ಕೊಂದು ಫಜೀತಿ ಆಗಿಯೇ ಆಗುತ್ತದೆ. ಒಂದು ವಾರ ಏನೂ ಆಗಲಿಲ್ಲವೆಂದರೆ ನನಗೆ ಇನ್ನೂ ಭಯ. ಎರಡು ವಾರದ್ದು ಕೂಡಿಯೇ ಬರುತ್ತದೇನೋ ಎಂದು ಗೇಟಿನ ಕಡೆ ನೋಡುತ್ತಾ ಕೂಡುತ್ತೇನೆ.

ಈ ಸ್ವಭಾವ ನೌಕರಿಯಿಂದ ಬಂದದ್ದು. ಮುನಿರಾಬಾದಿನ ನೀರಾವರಿ ಇಲಾಖೆಯಲ್ಲಿ ಕಾಲುವೆಯ ನೀರಿನ ಮಟ್ಟ ನೋಡಿ ಬರೆದಿಡುವುದು ನನ್ನ ಕೆಲಸವಾಗಿತ್ತು. ನೀರು ಏರಿದರೂ ಎದೆ ಡವಡವ, ಇಳಿದರೂ ಡವಡವ. ನಿವೃತ್ತಿಯಾದ ಮೇಲೆ ನೋಡಲು ಕಾಲುವೆ ಇಲ್ಲದೆ, ಮನೆಯ ಮೇಲಿನ ಟ್ಯಾಂಕಿನ ಮುಚ್ಚಳ ತೆಗೆದು ತೆಗೆದು ನೋಡತೊಡಗಿದೆ. ಹೆಂಡತಿಗೆ ತಲೆ ಕೆಟ್ಟುಹೋಯಿತು. ಹನುಮನಹಳ್ಳಿ ಹತ್ತಿರದ ನಮ್ಮ ಮನೆಯ ಮೂರು ಕೋಣೆಗಳಿಗೆ ಸುಣ್ಣ ಹೊಡೆಸಿ, ಹೋಂಸ್ಟೇ ಎಂದು ಬೋರ್ಡ್ ಬರೆಸಿದಳು. ನಾಲ್ಕು ದಿನ ನಿಧಾನವಾಗಿ ಇರಿ, ಹಿತ್ತಲಿನ ಕಾಯಿಪಲ್ಲೆ ನೀವೇ ಹರಿದುಕೊಡಿ, ನಾವು ಅಡುಗೆ ಮಾಡಿ ಬಡಿಸುತ್ತೇವೆ. ಇದು ನಮ್ಮ ಪದ್ಧತಿ. ನಿಜ ಹೇಳಬೇಕೆಂದರೆ, ಆ ಬೋರ್ಡು ನನ್ನನ್ನು ಉಳಿಸಿತು. ಬೆಳಗ್ಗೆ ಏಳಲು ನನಗೊಂದು ಕಾರಣ ಸಿಕ್ಕಿತು.

ಆದರೆ ಹೆಂಡತಿಯದೊಂದು ಷರತ್ತು ಇತ್ತು. ಹಿತ್ತಲಿನ ಮೂಲೆಯಲ್ಲಿ ಒಂದು ಸಾಲು ಬದನೆ. ಕೊಪ್ಪಳ ಜಿಲ್ಲೆಯಾದ ವರ್ಷ, ಯಲಬುರ್ಗಾ ಕಡೆಯ ಅವಳ ತವರಿನಿಂದ ಅವರವ್ವ ಸೆರಗಿನ ತುದಿಗೆ ಕಟ್ಟಿಕೊಂಡು ತಂದುಕೊಟ್ಟ ಬೀಜ. ಈಗ ಅವ್ವ ಇಲ್ಲ, ತವರಿನಲ್ಲಿ ಆ ಬದನೆಯೂ ಇಲ್ಲ. ಪ್ರತಿ ವರ್ಷ ಎಲ್ಲಕ್ಕಿಂತ ಚಂದದ ಒಂದು ಕಾಯಿಗೆ ಕೆಂಪು ಚಿಂದಿ ಕಟ್ಟಿ ಬೀಜಕ್ಕೆ ಬಿಡುತ್ತಾಳೆ. ಅದು ಗಿಡದಲ್ಲೇ ಹಣ್ಣಾಗಿ ಹಳದಿಯಾಗಬೇಕು. ಆಮೇಲೆ ಬೀಜ ತೆಗೆದು, ಬೂದಿಯಲ್ಲಿ ಕಲಸಿ ಗಡಿಗೆಯಲ್ಲಿ ಇಡುತ್ತಾಳೆ.

"ಹಿತ್ತಲದಾಗಿಂದು ಏನರ ಹರಕೊಳ್ಳಿ. ಆದ್ರ ಈ ಒಂದು ಕಾಯಿಗೆ, ನನ್ನ ಕೇಳದ ಯಾರರ ಕೈ ಹಚ್ಚಿದ್ರ, ಅವತ್ತ ಬೋರ್ಡ್ ಇಳಿಸಿಬಿಡ್ತೀನಿ" ಎಂದಳು.

ಅವಳು ಹೇಳಿದಂತೆ ಮಾಡುವ ಹೆಂಗಸು. ಅಂದಿನಿಂದ ನನಗೆ ಮತ್ತೆ ಕಾಯುವ ನೌಕರಿ. ಕಾಲುವೆಯ ಬದಲು ಬದನೆಕಾಯಿ.

ಹೋಗುವ ಮಾತು

ಮೊದಮೊದಲು ಬಂದವರಲ್ಲಿ ಮೈಸೂರು ಕಡೆಯ ಒಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರ್. "ನಾಲ್ಕೈದು ದಿನ ಆರಾಮಾಗಿ ಇರ್ತೀನಿ" ಎಂದರು. ಒಂಬತ್ತನೆಯ ದಿನವೂ ಆರಾಮಾಗಿಯೇ ಇದ್ದರು. ಅದೇ ಕೋಣೆಗೆ ಶುಕ್ರವಾರ ಐದು ಮಂದಿಯ ಕುಟುಂಬ ಬರುವುದಿತ್ತು. ನನಗೆ ಊಟ ಸೇರದು.

"ಎಂದು ಹೋಗ್ತೀರಿ ಅಂತ ಕೇಳ್ಲೇನು?" ಎಂದೆ ಹೆಂಡತಿಗೆ.

"ಮನಿಗೆ ಬಂದವ್ರಿಗೆ ಹಂಗ ಕೇಳ್ತಾರೇನ್ರಿ? ಓಣ್ಯಾಗ ನಾ ಮಾರಿ ಹೆಂಗ ತೋರಿಸ್ಲಿ?"

ಹಾಗಾಗಿ ಸುತ್ತುಬಳಸಿ ಹೊರಟೆ. ಗಂಗಾವತಿಯಿಂದ ಮೈಸೂರಿಗೆ ಹೋಗುವ ಬಸ್ಸುಗಳ ವೇಳೆಯನ್ನು ಅವರ ಎದುರು ಸುಮ್ಮನೆ ಬಾಯಿಪಾಠ ಒಪ್ಪಿಸಿದೆ. ಅವರು ಶ್ರದ್ಧೆಯಿಂದ ಕೇಳಿ, "ಒಳ್ಳೆ ಸೌಕರ್ಯ ಇದೆ" ಎಂದರು. ಊರಲ್ಲಿ ಮನೆಗೆ ಕೀಲಿ ಸರಿಯಾಗಿ ಹಾಕಿದ್ದೀರಾ ಎಂದು ವಿಚಾರಿಸಿದೆ. ಪಕ್ಕದವರು ನೋಡಿಕೊಳ್ಳುತ್ತಾರಂತೆ.

ಗುರುವಾರ ಸಂಜೆ ಅವರೇ ನನ್ನ ಹತ್ತಿರ ಬಂದು ಕುಳಿತರು. ಮುಖದಲ್ಲಿ ಸಂಕಟ. "ಒಂದು ಮಾತು ಹೇಳ್ಬೇಕು, ತಪ್ಪು ತಿಳ್ಕೋಬೇಡಿ. ಐದನೇ ದಿನದಿಂದ ಹೊರಡ್ತೀನಿ ಅಂತ ಹೇಳೋಕೆ ಬರ್ತಾ ಇದೀನಿ. ನಾನು ಬಾಯಿ ತೆಗೆಯೋದ್ರೊಳಗೆ ನೀವು 'ಏನ್ ಅವಸರ್ರಿ, ಇನ್ನೆರಡು ದಿನ ಇರ್ರಿ' ಅಂತೀರಿ. ಅಷ್ಟು ಪ್ರೀತಿಯಿಂದ ಹೇಳಿದ್ಮೇಲೆ ಹೇಗೆ ಹೋಗೋದು? ತಗೊಂಡು ಬಂದ ಬಟ್ಟೆ ಮುಗಿದು ಮೂರು ದಿನ ಆಯ್ತು. ಈಗ ಉಟ್ಟಿರೋದು ನಿಮ್ಮ ಲುಂಗಿ."

ನಾನು ಹಾಗೆ ಹೇಳುತ್ತಿದ್ದೆನೆಂಬುದು ನನಗೇ ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ನಾಲಿಗೆಗೆ ಅಂಟಿದ ಮಾತು. ಮರುದಿನ ಬೆಳಗ್ಗೆ ಅವರ ಬ್ಯಾಗನ್ನು ಆಟೋದವರೆಗೆ ನಾನೇ ಹೊತ್ತುಕೊಂಡು ಹೋದೆ. ಎಲ್ಲವೂ ಸುಸೂತ್ರ. ಅವರು ಒಂದು ಕಾಲನ್ನು ಆಟೋದೊಳಗೆ ಇಟ್ಟರು. ಅಷ್ಟರಲ್ಲಿ ನನ್ನ ಬಾಯಿಂದ ಬಂದೇಬಿಟ್ಟಿತು: "ಇನ್ನೆರಡು ದಿನ ಇರಬೇಕಿತ್ತು ನೋಡ್ರಿ."

ಅವರು ಆ ಕಾಲನ್ನು ಹೊರಗೆ ತೆಗೆದರು.

ಪಲ್ಯ ಮತ್ತು ಬ್ಯಾರೆ ಪಲ್ಯ

ಬಂದವರಿಗೆ ಹಿತ್ತಲು ತೋರಿಸುವುದು ನನ್ನ ಪಾಲಿಗೆ ಬಂದಿತ್ತು. ನನಗೋ ಕಾಯಿಪಲ್ಲೆಯ ಪರಿಚಯ ಇದ್ದದ್ದು ತಾಟಿನಲ್ಲಿ ಮಾತ್ರ. ಒಮ್ಮೆ ಬೆಂಗಳೂರಿನಿಂದ ಗಂಡ ಹೆಂಡತಿ ಬಂದಿದ್ದರು. ಕೈಯಲ್ಲಿ ಬುಟ್ಟಿ, ಬಾಯಿ ತುಂಬ ಪ್ರಶ್ನೆ.

"ಇದೇನು ಸೊಪ್ಪು?"

"ಪಲ್ಯರಿ."

"ಅದು?"

"ಅದೂ ಪಲ್ಯರಿ. ಬ್ಯಾರೆ ಪಲ್ಯ."

ಹೀಗೆ ಮುಂದೆ ಸಾಗುತ್ತಾ ಬದನೆಯ ಸಾಲು ಬಂತು. ಆ ಹೆಣ್ಣುಮಗಳ ಕಣ್ಣು ನೇರ ಕೆಂಪು ಚಿಂದಿಯ ಕಡೆ ಹೋಯಿತು. ಓಡಿಹೋಗಿ ಎರಡೂ ಕೈ ಅಗಲಿಸಿ ಅಡ್ಡ ನಿಂತೆ.

"ಹಿಂದೇನಿದೆ?" ಎಂದರು.

"ಏನಿಲ್ಲರಿ. ಮುಂದ ಬರಬ್ಯಾಡ್ರಿ ಅಷ್ಟ."

ನನ್ನ ಹಣೆಯ ಮೇಲೆ ಬೆವರು ನೋಡಿ ಅವರ ಮುಖ ಬಿಳುಪಾಯಿತು. "ಹಾವಾ?" ಎಂದು ಪಿಸುಗುಟ್ಟಿದರು.

ನಾನು ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಬುಟ್ಟಿ ಅಲ್ಲೇ ಬಿಟ್ಟು ಇಬ್ಬರೂ ಓಡಿದರು. ಉಳಿದ ಮೂರು ದಿನ ಅಟ್ಟದ ಮೇಲಿನ ಕಿಟಕಿಯಿಂದಲೇ ಹಿತ್ತಲು ನೋಡಿದರು. ಕಾಯಿಪಲ್ಲೆಯನ್ನೆಲ್ಲ ನನ್ನ ಹೆಂಡತಿ ಒಬ್ಬಳೇ ಹರಿಯಬೇಕಾಯಿತು.

"ಹಾವು ಐತಿ ಅಂತ ಹೇಳೀರೇನು ಅವ್ರಿಗೆ?"

"ನಾ ಎಲ್ಲಿ ಹೇಳೀನಿ? ಅವರ ಅಂದ್ರು, ನಾ ಸುಮ್ನಿದ್ದೆ."

ಹೋಗುವಾಗ ಅವರು ಅತಿಥಿಗಳ ಪುಸ್ತಕದಲ್ಲಿ ಬರೆದುಹೋದರು: "ಊಟ ಅಮೃತ. ಮನೆಯ ಯಜಮಾನರು ಎದೆಗಾರರು. ಪ್ರಾಣದ ಹಂಗು ತೊರೆದು ಹಾವಿಗೆ ಅಡ್ಡ ನಿಂತು ನಮ್ಮನ್ನು ಉಳಿಸಿದರು." ಹೆಂಡತಿ ಅದನ್ನು ಓದಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಹಲ್ಲಿ ಬಿದ್ದರೆ ನಾನು ಯಾರನ್ನು ಕೂಗುತ್ತೇನೆಂಬುದು ಅವಳಿಗೆ ಗೊತ್ತು.

ಬೆಟ್ಟದಿಂದ ಬಂದವರು

ಅಂಜನಾದ್ರಿ ಬೆಟ್ಟ ಹತ್ತಲು ಕುಷ್ಟಗಿಯಿಂದ ಒಂದು ಕುಟುಂಬ ಬಂದು ಇಳಿದುಕೊಂಡಿತ್ತು. ಅವರಲ್ಲಿ ಒಬ್ಬರು ಅಜ್ಜಿ, ಬಲು ಭಕ್ತಿವಂತರು. ಅಂದು ಮುಂಜಾನೆ ಹಿತ್ತಲಿಗೆ ಹೋಗಿ ನೋಡಿದರೆ, ಬದನೆಯ ಸಾಲಿನಲ್ಲಿ ಒಂದು ದಪ್ಪ ಮಂಗ ಕುಳಿತಿದೆ. ಕೆಂಪು ಚಿಂದಿಯ ಕಾಯಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದೆ. ನಾನು ಕೋಲು ಎತ್ತಿಕೊಂಡು ಓಡಿದೆ.

"ಕೋಲು ಕೆಳಗಿಡ್ರಿ!" ಅಜ್ಜಿ ಹಿಂದಿನಿಂದ ಗದರಿದರು. "ಯಾರ ಮ್ಯಾಲ ಎತ್ತೀರಿ ಅನ್ನೂದು ಖಬರ್ ಐತೇನು? ಹನುಮಪ್ಪ ಮನಿಮಟಾ ಬಂದಾನ. ಕೈ ಮುಗೀರಿ!"

ಕೋಲು ಇಟ್ಟು ಕೈ ಮುಗಿದೆ. ಅಜ್ಜಿಯದು ಹರಕೆಯ ಪ್ರಾರ್ಥನೆ, ನನ್ನದು ಬೇರೆ. 'ತಂದೆ, ಬೆಂಡಿ ತಗೋ, ಟಮಾಟಿ ತಗೋ, ಅದೊಂದು ಬಿಡು' ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಇಷ್ಟು ಭಕ್ತಿಯಿಂದ ನಾನು ಗುಡಿಯಲ್ಲೂ ಕೈ ಮುಗಿದಿಲ್ಲ. ಮಂಗ ಕಾಯಿಯನ್ನು ಮೂಸಿ ನೋಡಿ, ಮುಖ ಕಿವುಚಿ, ಕೆಂಪು ಚಿಂದಿಯನ್ನಷ್ಟೇ ಬಿಚ್ಚಿಕೊಂಡು ಬೆಟ್ಟದ ಕಡೆ ಹೋಯಿತು.

ಸಂಜೆ ಅಜ್ಜಿ ಬೆಟ್ಟ ಇಳಿದು ಬಂದು ನಮಗೆ ಪ್ರಸಾದ ಕೊಟ್ಟರು. ಕಣ್ಣಲ್ಲಿ ನೀರು. "ಏನ್ ಪುಣ್ಯ ನೋಡ್ರಿ! ಮೆಟ್ಟಲ ಹತ್ರ ಒಂದು ಮಂಗ್ಯಾ ಕೊಳ್ಳಾಗ ಕೆಂಪು ವಸ್ತ್ರ ಹಾಕ್ಕೊಂಡು ಕುಂತಿತ್ತು. ಮಂದಿ ಎಲ್ಲಾ ಸಾಲುಗಟ್ಟಿ ಕೈ ಮುಗದ್ರು."

ಹೆಂಡತಿ ನನ್ನ ಕಿವಿಯಲ್ಲಿ ಹೇಳಿದಳು: "ನನ್ನ ಹಳೇ ಕುಪ್ಪಸದ ತೋಳು ಅದು."

ಆನೆಗುಂದಿಯ ಬಸ್ಸು

ಹೋದ ವರ್ಷ ಶಿವಮೊಗ್ಗದ ಒಬ್ಬ ನಿವೃತ್ತ ಶಿಕ್ಷಕಿ ಬಂದು ಎಂಟು ದಿನ ಇದ್ದರು. ಎಲ್ಲಿಗೂ ಸುತ್ತಾಡಲು ಹೋಗಲಿಲ್ಲ. ದಿನವೂ ನನ್ನ ಹೆಂಡತಿಯ ಜೊತೆ ಹಿತ್ತಲಲ್ಲಿ ಕುಳಿತು ಕಸ ಕೀಳುವುದು, ಮಾತಾಡುವುದು. ಬದನೆಯ ಸಾಲಿನಲ್ಲೇ ಅವರ ಬೈಠಕ್ಕು. ನಾನು ದಿನಕ್ಕೆ ಹತ್ತು ಸಲ ಹೋಗಿ ಚಿಂದಿ ನೋಡಿ ಬರುತ್ತಿದ್ದೆ. ಕಾಯಿ ಆಗಲೇ ಚಿನ್ನದ ಬಣ್ಣಕ್ಕೆ ತಿರುಗಿತ್ತು.

ಒಂಬತ್ತನೆಯ ದಿನ ಬೆಳಗ್ಗೆ ಅವರು ಆಟೋ ಹತ್ತಿ ಆನೆಗುಂದಿಗೆ ಹೋದರು. ಅಲ್ಲಿಂದ ಗಂಗಾವತಿ ಬಸ್ಸು. ಅವರನ್ನು ಕಳಿಸಿ, ರೂಢಿಯಂತೆ ಹಿತ್ತಲಿಗೆ ಹೋದೆ. ಗಿಡ ಇದೆ. ಕಾಯಿ ಇಲ್ಲ! ಚಿಂದಿಯೂ ಇಲ್ಲ!

ಹೆಂಡತಿ ಬಚ್ಚಲಲ್ಲಿದ್ದಳು. ಅವಳು ಹೊರಗೆ ಬಂದು ಹಿತ್ತಲು ನೋಡಿದರೆ ಅವ್ವನ ಬೀಜ ಹೋಯಿತು, ಬೋರ್ಡೂ ಹೋಯಿತು, ಮತ್ತೆ ನಾನು ಮತ್ತು ಆ ನೀರಿನ ಟ್ಯಾಂಕು. ಚಪ್ಪಲಿ ಹಾಕದೆ ಸ್ಕೂಟರ್ ಹತ್ತಿದೆ.

ಪುಣ್ಯಕ್ಕೆ ಆನೆಗುಂದಿಗೆ ಬಸ್ಸು ಇನ್ನೂ ಬಂದಿರಲಿಲ್ಲ. ಶಿಕ್ಷಕಿ ಮರದ ಕೆಳಗೆ ಕುಳಿತಿದ್ದರು. ತೊಡೆಯ ಮೇಲೆ ಕರವಸ್ತ್ರ, ಕರವಸ್ತ್ರದೊಳಗೆ ಹಳದಿ ಬದನೆಕಾಯಿ, ಚಿಂದಿ ಸಮೇತ. ಇಷ್ಟು ಒಳ್ಳೆಯ ಹೆಂಗಸಿಗೆ ಕಳ್ಳಿ ಎನ್ನುವುದು ಹೇಗೆ?

"ಅಮ್ಮಾರ, ಅದು ಬೀಜದ ಕಾಯಿರಿ. ದಯಮಾಡಿ ಕೊಟ್ಟುಬಿಡ್ರಿ."

ಅವರು ಗಾಬರಿಯಿಂದ, "ಅಲ್ಲ, ನಿಮ್ಮ ಮನೆಯವರು..." ಎಂದರು.

"ಅವ್ರಿಗೆ ಗೊತ್ತಾಗೂದರೊಳಗ ಕೊಡ್ರಿ! ನಾ ಯಾರ ಮುಂದೂ ಬಾಯಿ ಬಿಡಂಗಿಲ್ಲ, ಆಣಿ ಮಾಡ್ತೀನಿ" ಎಂದು ಕೈ ಮುಗಿದೆ. ಸುತ್ತಲಿನ ಜನ ನೋಡತೊಡಗಿದರು. ಅವರು ಕರವಸ್ತ್ರ ಬಿಚ್ಚಿ ಕಾಯಿ ಕೊಟ್ಟರು. ಮುಖ ಸಣ್ಣದಾಗಿತ್ತು.

ಗೆದ್ದವನಂತೆ ಮನೆಗೆ ಬಂದೆ. ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ನನ್ನ ಕೈಯಲ್ಲಿದ್ದ ಕಾಯಿ ನೋಡಿ ಅವಳ ಹುಬ್ಬು ಮೇಲೇರಿತು.

"ಇದು ನಿಮ್ಮ ಕೈಯಾಗ ಹೆಂಗ ಬಂತು?"

"ಆ ಅಮ್ಮಾರು ಒಯ್ದಿದ್ರು. ನಾ ಬಿಡಿಸಿಕೊಂಡು ಬಂದೆ!"

"ನಾನ ಕೊಟ್ಟಿದ್ನಲ್ರಿ!" ಎಂದಳು. "ಇಷ್ಟು ವರ್ಷದಾಗ ಎಷ್ಟು ಮಂದಿ ಬಂದು ಉಂಡು ಹೋದ್ರು. ಬೀಜ ಕೊಡ್ರಿ, ನಮ್ಮ ಊರಾಗ ಹಾಕ್ತೀನಿ ಅಂತ ಕೇಳಿದವ್ರು ಅವ್ರೊಬ್ರ. ಅವತ್ತು ನಮ್ಮವ್ವ ನನಗ ಕೊಟ್ಟಂಗ, ಸೆರಗಿನಾಗ ಹಾಕಿ ಕೊಟ್ಟು ಕಳಿಸಿದ್ದೆ. ಗಡಗ್ಯಾಗ ನಮಗ ಬೇಕಾದಷ್ಟು ಬೀಜ ಅದಾವು."

ಅವಳು ಬೋರ್ಡಿನ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದಳು.

"ಮಂಗ್ಯಾ ಸೈತ ಬಿಟ್ಟು ಹೋತು. ನನ್ನ ಕೇಳದ ಈ ಕಾಯಿಗೆ ಕೈ ಹಚ್ಚಿದವ್ರು ನೀವೊಬ್ರ. ಈಗ ನೀವ ಹೇಳ್ರಿ, ಬೋರ್ಡ್ ಇಳಿಸಲೇನು?"

ಕಾಯಿ ಹಿಡಿದುಕೊಂಡೇ ಸ್ಕೂಟರ್ ತಿರುಗಿಸಿದೆ. ದಾರಿಯುದ್ದಕ್ಕೂ ಒಂದೇ ಬೇಡಿಕೆ, ಬಸ್ಸು ಬಂದಿರಬಾರದು. ಆನೆಗುಂದಿಯ ತಿರುವಿನಲ್ಲಿ ನೋಡಿದರೆ ಬಸ್ಸು ಬಂದು ನಿಂತಿತ್ತು. ಶಿಕ್ಷಕಿ ಹತ್ತಲು ಒಂದು ಕೈಯಲ್ಲಿ ಕಂಬಿ ಹಿಡಿದಿದ್ದರು. "ಅಮ್ಮಾರ, ನಿಲ್ರಿ! ನಿಲ್ರಿ!" ಎಂದು ಕೂಗುತ್ತಾ, ಬರಿಗಾಲಲ್ಲಿ ಓಡಿದೆ.

ಅವರು ತಿರುಗಿ ನನ್ನನ್ನು ಕಂಡದ್ದೇ ತಡ, ನಾನು ಬಾಯಿ ತೆರೆಯುವ ಮೊದಲೇ ಬ್ಯಾಗಿಗೆ ಕೈ ಹಾಕಿ, ಹೆಂಡತಿ ದಾರಿಗೆಂದು ಕಟ್ಟಿಕೊಟ್ಟಿದ್ದ ರೊಟ್ಟಿಯ ಗಂಟನ್ನು ಹೊರಗೆ ತೆಗೆದು ನನ್ನ ಮುಂದೆ ಚಾಚಿದರು.

"ಇದೂ ನಿಮ್ಮದೇ ಅಲ್ವಾ? ತಗೊಂಡ್ಬಿಡಿ."