ಡೇರೆಯ ಬಾಗಿಲಿಗೆ ಅತ್ತೆಯ ಸೀರೆ

ಗಂಡಸಾಗಿ ಹುಟ್ಟಿದ ಮೇಲೆ ಒಂದು ದಿನವಾದರೂ ಫ್ಯಾನಿಲ್ಲದೆ, ನಲ್ಲಿಯಿಲ್ಲದೆ, ತಲೆಯ ಮೇಲೆ ಕಾಂಕ್ರೀಟಿಲ್ಲದೆ ಬದುಕಿ ತೋರಿಸಬೇಕು! ಹೀಗೆಂದು ನಾನು ಘೋಷಿಸಿದ್ದು ಪೆರಂಬೂರಿನ ನಮ್ಮ ಕನ್ನಡ ಬಳಗದ ಸಭೆಯಲ್ಲಿ, ಎರಡನೇ ಪ್ಲೇಟು ಕೇಸರಿಬಾತು ಮುಗಿಸಿದ ಹುಮ್ಮಸ್ಸಿನಲ್ಲಿ. ರೈಲ್ವೆ, ಬ್ಯಾಂಕು, ವಿಮೆ ಎಂದು ಹಂಚಿಹೋಗಿದ್ದ ನಮ್ಮ ಸಂಸಾರಗಳೆಲ್ಲ ಚಪ್ಪಾಳೆ ತಟ್ಟಿದವು. ಊತುಕೋಟೆಯ ಆಚೆ ಬೆಟ್ಟದ ಬುಡದಲ್ಲೊಂದು ಬಯಲು. ಪಕ್ಕದಲ್ಲಿ ಹೊಳೆ. ಲೈಟಿಲ್ಲ, ಕಕ್ಕಸಿಲ್ಲ, ಮೊಬೈಲಿಗೆ ಸಿಗ್ನಲ್ಲೂ ಇಲ್ಲ. ಅಲ್ಲಿ ನಲವತ್ತು ಜನ ಡೇರೆ ಹಾಕಿಕೊಂಡು ಶನಿವಾರ, ಭಾನುವಾರ ಕಳೆಯುವುದು. ಸಮಸ್ತ ವ್ಯವಸ್ಥೆಯೂ ಕಮಲಾಕರನದು, ಅಂದರೆ ನನ್ನದು ಎಂದು ತೀರ್ಮಾನವಾಯಿತು.

ಮನೆಗೆ ಬಂದು ಸುದ್ದಿ ಹೇಳಿದೆ. ನನ್ನ ಹೆಂಡತಿ ಜಯಲಕ್ಷ್ಮೀ ಗೋಡೆಯ ಕ್ಯಾಲೆಂಡರ್ ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ಶನಿವಾರ ಏಕಾದಶಿ ಕಣ್ರೀ! ಪಂಚಾಂಗ ನೋಡದೆ ದಿನ ಇಟ್ಟು ಬಂದಿದೀರಲ್ಲ! ಅಮ್ಮ ಅವತ್ತು ಹನಿ ನೀರೂ ಕುಡಿಯಲ್ಲ. ಭಾನುವಾರ ಬೆಳಿಗ್ಗೆ ಏಳೂವರೆಗೆಲ್ಲ ದ್ವಾದಶಿ ಮುಗಿಯತ್ತೆ, ಅಷ್ಟರಲ್ಲಿ ಪಾರಣೆ ಆಗ್ಬೇಕು, ಊಟ ಮಾಡಿ ಉಪವಾಸ ಬಿಡ್ಬೇಕು. ಆ ಕಾಡಲ್ಲಿ ಮಡಿ ಎಲ್ಲಿ, ಒಲೆ ಎಲ್ಲಿ? ಅಮ್ಮ ಬರೋದು ಬೇಡ."

ಒಳಗಿನಿಂದ ನಮ್ಮತ್ತೆಯ ದನಿ ಬಂತು. "ಉಪವಾಸ ಮಾಡೋಕೆ ಅಡುಗೆಮನೆ ಯಾತಕ್ಕೇ ಜಯಾ? ಮದುವೆಯಾಗಿ ಬಂದಾಗಿಂದ ಪೆರಂಬೂರಿನ ರೈಲಿನ ಸದ್ದು ಕೇಳ್ತಾನೇ ಮಲಗಿದೀನಿ. ಒಂದು ರಾತ್ರಿ ನರಿ ಕೂಗೋದನ್ನ ಕೇಳ್ತೀನಿ. ನಾನೂ ಬರ್ತೀನಿ."

ನನ್ನ ಎದೆ ಉಬ್ಬಿತು. "ಅತ್ತೆಯ ಪಾರಣೆ ನನ್ನ ಜವಾಬ್ದಾರಿ! ಬಿಸಿಬಿಸಿ ಅನ್ನ, ಅಗಸೆ ಸೊಪ್ಪಿನ ಪಲ್ಯ, ಎಲ್ಲ ಹೊತ್ತಿಗೆ ಸರಿಯಾಗಿ ಎಲೆ ಮೇಲಿರತ್ತೆ!"

"ಇರದಿದ್ರೆ?"

"ಇನ್ನು ಜನ್ಮದಲ್ಲಿ ನಿನ್ನ ಮಾತಿಗೆ ಎದುರಾಡಲ್ಲ!"

"ಅದು ಹೇಗೂ ಆಡಲ್ವಲ್ಲ," ಎಂದಳು.

ಉಳಿದವರೆಲ್ಲ ಹಗುರವಾದ ನೈಲಾನ್ ಡೇರೆ ಬಾಡಿಗೆಗೆ ತಂದರು. ನಾನೋ, ಪಲ್ಲಾವರಂ ಶುಕ್ರವಾರದ ಸಂತೆಗೆ ಹೋಗಿ ಅಪ್ಪಟ ಕ್ಯಾನ್ವಾಸಿನ ಹಳೇ ಡೇರೆ ಕೊಂಡೆ. "ಮಿಲಿಟರಿ ಸರಕ್ಕು ಸಾರ್, ಯಾನೆ ಇಳುತ್ತಾಲುಂ ಕಿಳಿಯಾದು!" ಎಂದ ಅಂಗಡಿಯವನು. ಆನೆ ಎಳೆದರೂ ಹರಿಯದಂತೆ! ಅದನ್ನು ಬಸ್ಸಿನ ಮೇಲಕ್ಕೆ ಏರಿಸುವಾಗ ಆನೆಯೇ ಬೇಕಿತ್ತು ಅನ್ನಿಸಿತು.

ಶನಿವಾರ ಮಧ್ಯಾಹ್ನ ನಾನು ಡೇರೆಯ ಗೂಟಗಳನ್ನು ಬಡಿದ ವೈಭವವನ್ನು ನೀವು ನೋಡಬೇಕಿತ್ತು! ಕೋಚ್ ಫ್ಯಾಕ್ಟರಿಯಿಂದ ನಿವೃತ್ತರಾದ ವಿಷ್ಣುತೀರ್ಥರು ನಮ್ಮ ಬಳಗದ ಶಾಸ್ತ್ರಪಂಡಿತರು. ಅವರೂ ನಿಂತು ನೋಡಿ "ಪಾತಾಳ ಸೇರಿತು, ಸಾಕು ನಿಲ್ಸಿ" ಎಂದರು. ಕೋತಿಗಳ ಕಾಟವಿದ್ದದ್ದರಿಂದ ಅಕ್ಕಿ, ಸೊಪ್ಪು, ಸ್ಟೌ, ಕಾಫಿಪುಡಿ, ಎಲ್ಲವೂ ನನ್ನ ಡೇರೆಗೇ ಬಂದವು. ಕಾವಲಿಗೆ ನಾನೊಬ್ಬನೇ ಮಲಗಿದೆ. ಅತ್ತೆ ಹೆಂಗಸರ ಡೇರೆಯಲ್ಲಿ. ರಾತ್ರಿಯ ವಿಷಯ ಬಿಡಿ, ಸೊಳ್ಳೆಗಳಿಗೆ ಏಕಾದಶಿ ಇರಲಿಲ್ಲ. ನನಗೆ ನಿದ್ದೆ ಹತ್ತುವಷ್ಟರಲ್ಲಿ ಕೋಳಿ ಕೂಗಿತ್ತು.

ಕಣ್ಣು ಬಿಟ್ಟರೆ ಬಾಗಿಲ ಕಡೆಯೆಲ್ಲ ಕೆಂಪೋ ಕೆಂಪು! ಆಹಾ, ಅರುಣೋದಯವೆಂದರೆ ಇದು! ಹೊಟ್ಟೆಯೊಳಗೂ ಪ್ರಕೃತಿಯ ಕರೆ ಜೋರಾಗಿಯೇ ಇತ್ತು. ಅರುಣೋದಯವನ್ನು ಸರಿಸಿ ಹೊರಗೆ ಹೋಗೋಣವೆಂದು ಕೈ ಚಾಚಿದೆ.

"ಮುಟ್ಟಬೇಡೀ!" ಹೊರಗಿನಿಂದ ಜಯಲಕ್ಷ್ಮಿಯ ಚೀತ್ಕಾರ. "ಅಮ್ಮನ ಮಡಿ ಸೀರೆ! ನಿಮ್ಮ ಡೇರೆ ಬಾಗಿಲಿಗೇ ಹರವಿದಾರೆ! ಅವರು ಸ್ನಾನಕ್ಕೆ ಹೋಗಿದಾರೆ, ಬಂದು ಅದನ್ನೇ ಉಟ್ಟುಕೊಂಡು ಅಡುಗೆ ಮಾಡ್ಬೇಕು. ನೀವು ಮುಟ್ಟಿದ್ರೋ, ಮತ್ತೆ ಒಗೆದು, ಮತ್ತೆ ಒಣಗಿಸಿ... ಏಳೂವರೆ ಆಗೇ ಹೋಗತ್ತೆ!"

"ನೀನೇ ಒಂಚೂರು ಸರಿಸೇ!"

"ನಾನೇನು ಮಡೀಲಿದೀನಾ?"

ಒಂಬತ್ತು ಗಜದ ಸೀರೆ! ಬಾಗಿಲಿನ ಉದ್ದಕ್ಕೂ ಅಗಲಕ್ಕೂ ಇಳಿಬಿದ್ದಿದೆ. ಒದ್ದೆಯೋ ಒಣಗಿದೆಯೋ ಎಂದು ಮುಟ್ಟಿ ನೋಡುವ ಹಾಗೂ ಇಲ್ಲ. ಅಕ್ಕಿ ಒಳಗೆ, ಸ್ಟೌ ಒಳಗೆ, ನಾನೂ ಒಳಗೆ. ನಲವತ್ತು ಜನರ ಕಾಫಿಯೂ ಒಳಗೇ! ಹೊರಗೆ ಗುಂಪು ಸೇರಿತು.

"ಕಮಲಾಕರ," ವಿಷ್ಣುತೀರ್ಥರ ಗಂಭೀರ ದನಿ, "ನಿಮ್ಮ ಡೇರೆ ಯಾವ ಬಟ್ಟೇದು?"

"ಅಪ್ಪಟ ಹತ್ತಿ ಕ್ಯಾನ್ವಾಸು ಸಾರ್!" ಅಲ್ಲೂ ನನಗೆ ಹೆಮ್ಮೆ.

"ಕೆಟ್ರಿ! ರೇಷ್ಮೆ, ಉಣ್ಣೆಗೆ ದೋಷ ಇಲ್ಲ. ಹತ್ತಿ ಮೈಲಿಗೆ ಹಿಡಿಯತ್ತೆ. ಸೀರೆ ಡೇರೆಗೆ ತಾಗಿದೆ, ನೀವು ಡೇರೆಗೆ ತಾಗಿದ್ರೆ ಮುಗೀತು. ಎಲ್ಲೂ ಒರಗಬೇಡಿ!"

"ನೈಲಾನ್ ಆಗಿದ್ರೆ?"

"ನೈಲಾನ್ ಬಗ್ಗೆ ಶಾಸ್ತ್ರ ಏನೂ ಹೇಳಿಲ್ಲ. ಬಚಾವಾಗ್ತಿದ್ರಿ."

ಡಬ್ಬಗಳ ನಡುವೆ ಕುಕ್ಕರಗಾಲಲ್ಲಿ ಕೂತೆ. ಹೊಟ್ಟೆಯ ಆ ಸ್ಥಿತಿಯಲ್ಲಿ ಕುಕ್ಕರಗಾಲಿನಷ್ಟು ಅಪಾಯದ ಆಸನ ಇನ್ನೊಂದಿಲ್ಲ! ಅತ್ತೆಯನ್ನು ಕರೆತರಲು ಹೊಳೆಗೆ ಓಡಿದ್ದ ಮಗಳು ಸಂಹಿತಾ ಏದುಸಿರು ಬಿಡುತ್ತಾ ಬಂದಳು.

"ಅಪ್ಪಾ, ಅಜ್ಜಿ ಜಪಂ ಪಣ್ರಾಂಗ! ಜಪದ ನಡುವೆ ಮಾತೇ ಆಡಲ್ಲ. ಕೈ ಮಾತ್ರ ಹೀಗೆ ಹೀಗೆ ಆಡಿಸಿದ್ರು."

"ಮುಟ್ಟಬೇಡಿ ಅಂತ ಅರ್ಥ," ಎಂದಳು ಜಯಲಕ್ಷ್ಮೀ. ಗಂಟೆ ಏಳಾಯಿತೆಂದು ಯಾರೋ ಕೂಗಿದರು.

ಆಗ ವಿಷ್ಣುತೀರ್ಥರೇ ಉಪಾಯ ಹೇಳಿದರು. ಹಿಂದುಗಡೆಯ ಎರಡು ಗೂಟ ಕಿತ್ತರೆ ಡೇರೆಯ ಅಂಚು ಸಡಿಲವಾಗುತ್ತದೆ. ಮುಟ್ಟದ ಹಾಗೆ ಕೋಲಿನಲ್ಲಿ ಎತ್ತಿ ಹಿಡಿದರೆ ನಾನು ಸ್ಟೌ ಸಮೇತ ತೆವಳಿ ಹೊರಬರಬಹುದು. ಆದರೆ ಗೂಟಗಳು ಪಾತಾಳದಲ್ಲಿದ್ದವಲ್ಲ! ರೈಲು ಡಬ್ಬಿಗಳನ್ನೇ ಕಟ್ಟಿದ ಕೈಗಳೆಲ್ಲ ಸೇರಿ "ಏಲೇಸಾ!" ಎಂದು ಜಗ್ಗಿದವು. ಒಂದು ಅಲುಗಲಿಲ್ಲ. ಇನ್ನೊಂದು, ಹಗ್ಗವನ್ನೂ ಎಳೆದುಕೊಂಡು ಸರ್ರನೆ ಕಿತ್ತುಬಂತು. ನಡುಗಂಬ ನನಗೊಂದು ನಮಸ್ಕಾರ ಹಾಕಿ ಉರುಳಿತು. ನನ್ನ ಮೇಲೆ ಡೇರೆ, ಡೇರೆಯ ಮೇಲೆ ಸೀರೆ, ಅದರ ಮೇಲೆ ನಲವತ್ತು ಜನರ "ಅಯ್ಯಯ್ಯೋ!"

ನಗಬೇಡಿ. ಆ ಕತ್ತಲೆಯಲ್ಲಿ ನನಗೆ ನಿಜವಾಗಿಯೂ ಅಳು ಬಂತು. ನಿನ್ನೆಯಿಂದ ಹನಿ ನೀರು ಕುಡಿಯದ ಮುದುಕಿ, ನನ್ನ ಮಾತು ನಂಬಿಕೊಂಡು ಇಲ್ಲಿಯವರೆಗೆ ಬಂದರಲ್ಲ! ಒಂದು ಹಿಡಿ ಅನ್ನವನ್ನು ಹೊತ್ತಿಗೆ ಸರಿಯಾಗಿ ಹಾಕಲಾರದ ಅಳಿಯ ಯಾಕಿರಬೇಕು? "ಅತ್ತೇ, ತಪ್ಪಾಯ್ತು!" ಎಂದು ಕ್ಯಾನ್ವಾಸಿಗೇ ಹೇಳಿಕೊಂಡೆ.

ಅಷ್ಟರಲ್ಲಿ ಹೊಳೆಯ ಕಡೆಯಿಂದ ದಡಬಡ ಹೆಜ್ಜೆಯ ಸದ್ದು.

"ಎಲ್ಲೇ ಅಳಿಯಂದ್ರು? ಎಲ್ಲಾರೂ ಗೊಂಬೆಗಳ ಥರ ನಿಂತಿದೀರಲ್ಲ, ಎತ್ತಬಾರ್ದಾ?" ಅತ್ತೆಯ ದನಿ! ಸೀರೆ ಒಂದೇ ಎಳೆತಕ್ಕೆ ಸರಿಯಿತು, ಕ್ಯಾನ್ವಾಸು ಮೇಲೆದ್ದಿತು, ನನ್ನ ಕೆನ್ನೆಯ ಮೇಲೆ ತಣ್ಣಗಿನ ಎರಡು ಕೈ. "ಪೆಟ್ಟಾಯ್ತೇನ್ರೀ?"

"ಅತ್ತೇ, ಮುಟ್ಟಬೇಡಿ! ನಿಮ್ಮ ಮಡಿ ಸೀರೆ..."

"ಯಾವ ಮಡಿ ಸೀರೆ? ನನ್ನ ಮಡಿ ಸೀರೆ ಹೊಳೆ ಹತ್ರ ಒಣಗಿಸಿ, ಉಟ್ಕೊಂಡೇ ಬಂದೆನಲ್ಲ! ಇದು ಹಳೇದು. ರಾತ್ರಿಯೆಲ್ಲ ಅಳಿಯಂದ್ರು ಸೊಳ್ಳೆ ಹೊಡೀತಾ ಇದ್ರು, ಈಗ ತಾನೇ ಕಣ್ಣು ಮುಚ್ಚಿದಾರೆ, ಬಿಸಿಲು ಮುಖಕ್ಕೆ ಬೀಳದೆ ಇರ್ಲಿ ಅಂತ ಪರದೆ ಕಟ್ಟಿದ್ದು. ಯಾರೂ ಎಬ್ಬಿಸಬೇಡಿ ಅಂತ ಈ ಹುಡುಗಿಗೆ ಕೈಸನ್ನೇನೂ ಮಾಡಿದ್ನಲ್ಲ!"

ವಿಷ್ಣುತೀರ್ಥರು ಆಕಾಶ ನೋಡಿದರು.

"ಮತ್ತೆ... ಪಾರಣೆ?" ಎಂದೆ.

"ಅದು ಆಗ್ಲೇ ಆಯ್ತು! ಹೊಳೆ ದಂಡೇಲೇ ತೀರ್ಥ ತಗೊಂಡು, ಮನೆಯಿಂದ ತಂದಿದ್ದ ಅವಲಕ್ಕಿಗೆ ಬೆಲ್ಲ ಕಲಸಿಕೊಂಡು ತಿಂದೆ. ನಿಮ್ಮನ್ನ ಎಬ್ಬಿಸೋಕೆ ಮನಸ್ಸು ಬರ್ಲಿಲ್ಲ." ಆಮೇಲೆ ನನ್ನ ಕೆದರಿದ ತಲೆಯನ್ನೂ ಸುತ್ತ ಬಿದ್ದ ಡಬ್ಬಗಳನ್ನೂ ನೋಡಿದರು. ಕಣ್ಣು ಒದ್ದೆಯಾಯಿತು. "ಇಷ್ಟೊತ್ತು ಆ ಕತ್ತಲೇಲಿ ಕೂತಿದ್ದು ನನ್ನ ಪಾರಣೆಗೋಸ್ಕರಾನಾ?"

ಜಯಲಕ್ಷ್ಮಿಯೂ ನನ್ನನ್ನು ನೋಡಿದಳು. ಮದುವೆಯಾದ ಹೊಸದರಲ್ಲಿ ನೋಡಿದ್ದಳಲ್ಲ, ಹಾಗೆ! ಬಳಗವೆಲ್ಲ ಕಿವಿಗೊಟ್ಟು ನಿಂತಿತು. ಅಳಿಯಂದಿರ ಇತಿಹಾಸದಲ್ಲೇ ದಾಖಲಾಗುವಂಥ ಒಂದು ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು.

ಹೇಳಲು ಪುರಸೊತ್ತೆಲ್ಲಿ? ಅದಕ್ಕಿಂತ ಮುಂಚೆಯೇ ಪ್ರಕೃತಿ ಕೊನೆಯ ಕರೆ ಕೊಟ್ಟಿತು! ಎದ್ದವನೇ, ಡಬ್ಬ ಹಾರಿ, ವಿಷ್ಣುತೀರ್ಥರನ್ನು ಪಕ್ಕಕ್ಕೆ ತಳ್ಳಿ, ಪೊದೆಗಳ ಕಡೆ ಬಿದ್ದಂಬೀಳ ಓಡಿದೆ. ಬೆನ್ನ ಹಿಂದೆ, ಬೆಟ್ಟಕ್ಕೆ ಬಡಿದು ಮಾರ್ದನಿಸುವಂತೆ, ನಲವತ್ತು ಜನರ ಎದುರಿಗೇ ಅತ್ತೆ ವಾತ್ಸಲ್ಯದಿಂದ ಕೂಗುತ್ತಿದ್ದರು:

"ಅಳಿಯಂದ್ರೇ! ಚೊಂಬು! ಚೊಂಬು ಮರೆತು ಹೋಗ್ತಿದೀರಾ!"