ಗೇಟಿಗೊಂದು ಪ್ರಶ್ನೆ

ಇಡೀ ಭದ್ರಾವತಿಯಲ್ಲಿ ನಮ್ಮ ಚಿಕ್ಕಪ್ಪನಷ್ಟು ಅಕ್ಕರೆಯ ಮನುಷ್ಯ ಇನ್ನೊಬ್ಬರಿರಲಿಲ್ಲ. ಆ ಅಕ್ಕರೆ ನಮ್ಮ ಮನೆಯವರಿಗೆ ಮಾತ್ರ ಸಿಗುತ್ತಿರಲಿಲ್ಲ, ಅಷ್ಟೇ!

ತೊಂಬತ್ತರ ದಶಕದ ಮಾತು. ಕಾರ್ಖಾನೆಯ ಪಾಳಿ ಮುಗಿಸಿ ಏರುದಾರಿಯಲ್ಲಿ ಬರುವಾಗ ಅವರು ಬೀದಿಯ ಮನೆಗಳ ಗೇಟಿಗೊಮ್ಮೆ ನಿಲ್ಲಬೇಕು. ಮೊದಲ ಗೇಟಿನಲ್ಲಿ, "ಏನಮ್ಮಾ, ಮಗಳಿಗೆ ಎಷ್ಟು ತಿಂಗಳು? ಹೆರಿಗೆಗೆ ಇಲ್ಲಿಗೇ ಕರ್ಕೊಂಡ್ ಬರ್ತೀರಾ?" ಮುಂದಿನದರಲ್ಲಿ, "ಸೊಸೆ ಜ್ವರ ಇಳೀತಾ?" ಉತ್ತರ ಮುಗಿಯುವವರೆಗೂ ಗೇಟು ಹಿಡಿದು ಕೇಳುವರು. "ಇಂಥ ಗಂಡಸು ಸಿಗಲ್ಲ ಮಾರಾಯ್ತಿ!" ಎಂದು ಬೀದಿಯ ಹೆಂಗಸರೆಲ್ಲ ಚಿಕ್ಕಮ್ಮನಿಗೇ ಸರ್ಟಿಫಿಕೇಟ್ ಕೊಡುತ್ತಿದ್ದರು.

ಕೊನೆಯ ಗೇಟು ನಮ್ಮದು. ಅಪ್ಪ ತೀರಿಕೊಂಡ ಮೇಲೆ ಚಿಕ್ಕಪ್ಪನ ಮನೆಯಲ್ಲೇ ಬೆಳೆದ ನನಗೆ ಸಿಗುತ್ತಿದ್ದದ್ದು ಒಂದೇ ಪದ: "ಊಟ?" ಎಸ್ಸೆಸ್ಸೆಲ್ಸಿ ಪಾಸಾದ ದಿನ ಮಾರ್ಕ್ಸ್ ಕಾರ್ಡ್ ಹಿಡಿದು ಗೇಟಿನಲ್ಲೇ ನಿಂತಿದ್ದೆ. ಆಗಲೂ "ಊಟ?" ಒಳಗೆ ಹೋಗಿ ಅತ್ತುಬಿಟ್ಟೆ. ಆ ಸಿಟ್ಟು ಡಿಗ್ರಿಯ ಕೊನೆಯ ವರ್ಷದವರೆಗೂ ಹೋಗಿರಲಿಲ್ಲ.

ಆ ವರ್ಷ ಅವರ ಕೆಮ್ಮು ಜಾಸ್ತಿಯಾಗಿ ಶಿವಮೊಗ್ಗದ ಡಾಕ್ಟರ ಬಳಿಗೆ ಎಳೆದುಕೊಂಡು ಹೋದೆ. ಮೆಷಿನ್ನಿಗೆ ಊದಿಸಿದರು. ಎಲ್ಲ ಸರಿ!

"ನೋಡಿದ್ಯಾ? ಪಾಸು!" ಎಂದು ಚಿಕ್ಕಪ್ಪ ಎದ್ದೇಬಿಟ್ಟರು.

"ಕೂತ್ಕೊಳಿ. ಆಸ್ತಮಾ ಇದ್ರೂ ಕೆಲವು ಸಲ ಹೀಗೇ ಬರುತ್ತೆ. ಒಂದು ಔಷಧಿ ಹಬೆ ಸ್ವಲ್ಪ ಸ್ವಲ್ಪವಾಗಿ ಕೊಡ್ತೀವಿ. ಶ್ವಾಸನಾಳ ಸೂಕ್ಷ್ಮವಾಗಿದ್ರೆ ಬಿಗಿಯುತ್ತೆ. ಬಿಡಿಸೋ ಔಷಧೀನೂ ಪಕ್ಕದಲ್ಲೇ ಇದೆ."

ನಾನು ಬೆಚ್ಚಿಬಿದ್ದೆ. ಚಿಕ್ಕಪ್ಪ ನನಗಿಂತ ಹೆಚ್ಚು!

"ಕಾಯಿಲೆ ವಾಸಿ ಮಾಡಿ ಅಂತ ಬಂದ್ರೆ, ಬರಿಸ್ತೀನಿ ಅಂತೀರಲ್ಲ ಸಾರ್!"

"ಇದೆಯೋ ಇಲ್ವೋ ಗೊತ್ತಾಗ್ಬೇಕಲ್ಲ?"

"ಇಲ್ಲ ಅಂತ ನಾನೇ ಹೇಳ್ತಿದೀನಲ್ಲ!"

ಕೊನೆಗೂ ಒಪ್ಪಿದರು. ಮೂಗಿಗೆ ಕ್ಲಿಪ್ಪು ಬಿತ್ತು. ಹಬೆ ಎಳೆಯಬೇಕು, ಊದಬೇಕು, ಮತ್ತೆ ಎಳೆಯಬೇಕು. ನಡುವೆ ಸುಮ್ಮನಿರುವ ಆಸಾಮಿಯೇ ಅವರು? ನರ್ಸಮ್ಮನ ವಿಚಾರಣೆ ಶುರುವಾಯಿತು.

"ಯಾವೂರಮ್ಮಾ? ಅಪ್ಪ ಅಮ್ಮ ಊರಲ್ಲೇ ಇದಾರಾ, ಇಲ್ಲಿಗೇ ಕರ್ಕೊಂಡ್ ಬಂದಿದೀಯಾ?"

ಎರಡನೆಯ ಸಲದ ಹಬೆಯಾದ ಮೇಲೆ, "ಮಕ್ಕಳೆಷ್ಟು?"

ಮೂರನೆಯದಕ್ಕೆ ಎದೆಯಿಂದ ಸುಂಯ್ ಎಂದು ಸದ್ದು ಬಂತು. ಕುರ್ಚಿಯ ಕೈ ಬಿಗಿಯಾಗಿ ಹಿಡಿದು, ಕಷ್ಟಪಟ್ಟು ಕೇಳಿದರು: "ಊಟ?"

ಅದೇ ಮುಖ, ಗೇಟು ಹಿಡಿಯುವ ಅದೇ ಹಿಡಿತ! ಇಷ್ಟು ವರ್ಷ ಅವರು ಗೇಟಿಗೊಮ್ಮೆ ನಿಂತು ಬೇರೆಯವರನ್ನು ಮಾತಾಡಿಸಿದ್ದು ತಮ್ಮ ಉಸಿರು ವಾಪಸು ಬರಲಿ ಎಂದು. ನಮ್ಮ ಗೇಟು ಮುಟ್ಟುವಷ್ಟರಲ್ಲಿ ಒಂದು ಪದಕ್ಕಾಗುವಷ್ಟು ಉಸಿರು ಉಳಿಯುತ್ತಿತ್ತು. ಅದನ್ನು ನನಗೆ ಕೊಡುತ್ತಿದ್ದರು. ಮಹಾ ಜಾಣೆಯಾದ ನಾನು ಅದಕ್ಕೆ ಸಿಟ್ಟು ಮಾಡಿಕೊಂಡಿದ್ದೆ!

ಡಾಕ್ಟರು ಅಲ್ಲಿಗೇ ಪರೀಕ್ಷೆ ನಿಲ್ಲಿಸಿ, ಆಸ್ತಮಾ ಎಂದು ಹೇಳಿ, ಬಿಗಿತ ಬಿಡಿಸುವ ಔಷಧಿ ಕೊಟ್ಟರು. ಸ್ವಲ್ಪ ಹೊತ್ತಿಗೆ ಮುಖಕ್ಕೆ ಕಳೆ ಬಂತು. ಚಿಕ್ಕಪ್ಪ ಎದೆ ತುಂಬ ಉಸಿರೆಳೆದು ನನ್ನ ಕಡೆ ತಿರುಗಿದರು.

"ಅಲ್ಲ ಮಾರಾಯ್ತಿ, ಎಸ್ಸೆಸ್ಸೆಲ್ಸೀಲಿ ಗಣಿತಕ್ಕೆ ಎಷ್ಟು ಬಂದಿತ್ತು ನಿಂಗೆ? ಅವತ್ತು ಗೇಟಲ್ಲಿ ಕಾರ್ಡ್ ಹಿಡ್ಕೊಂಡ್ ನಿಂತಿದ್ಯಲ್ಲ, ಕೇಳ್ಬೇಕು ಅಂತಿದ್ದೆ."

ಹೇಳಬೇಕಾದ್ದು ಎಷ್ಟೋ ಇತ್ತು. ಆದರೆ ನನ್ನಿಂದಲೂ ಒಂದೇ ಪದ ಹೊರಟಿತು.

"ಎಂಬತ್ತೆಂಟು."